ಹೇಳಲು ಹೋದ ಮಾತು, ಹಿಡಿಯಲು ಕಲಿತ ಮೀನು

ಶಿವಶರಣಪ್ಪನವರು ಮಲ್ಕಾಜ್‌ಗಿರಿಯ ಮನೆಯಿಂದ ಹೊರಡುವ ಮೊದಲೇ ಆಡಬೇಕಾದ ಮಾತನ್ನು ಗಟ್ಟಿ ಮಾಡಿಕೊಂಡಿದ್ದರು. ಸಿಕಂದರಾಬಾದಿನಲ್ಲಿ ಲೋಕಲ್ ರೈಲು ಹತ್ತಿ ಕಿಟಕಿಯ ಪಕ್ಕ ಕೂತ ಮೇಲೆ ತುಟಿಯಲ್ಲೇ ಇನ್ನೊಂದು ಸಲ ಹೇಳಿ ನೋಡಿದರು. "ನೋಡಪಾ, ನಮ್ಮ ಮನಿ ಪದ್ಧತಿ ಬ್ಯಾರೆ, ನಿಮ್ಮ ಮನಿ ಪದ್ಧತಿ ಬ್ಯಾರೆ. ನೀ ಒಳ್ಳೆ ಹುಡುಗ ಇರಬಹುದು. ಆದ್ರ ಈ ವಿಚಾರ ಇಲ್ಲಿಗೇ ಬಿಟ್ಟುಬಿಡು." ಚೊಕ್ಕ ಮಾತು. ಬೈಗುಳವಿಲ್ಲ, ಅವಮಾನವಿಲ್ಲ, ಎದುರಿನವನು ವಾದ ಹೂಡಲು ಸಂದೂ ಇಲ್ಲ. ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದ ಮನುಷ್ಯ ಅವರು. ಹೇಳುವುದನ್ನು ಒಂದೇ ಸಲಕ್ಕೆ ಸ್ಪಷ್ಟವಾಗಿ ಹೇಳಿ ಮುಗಿಸುವುದು ಅವರಿಗೆ ರೂಢಿ.

ಆ ಹುಡುಗನ ಹೆಸರು ಮೌನಪ್ಪ. ಮಗಳು ಶೈಲಶ್ರೀ ಕೆಲಸ ಮಾಡುವ ಕಂಪನಿಯವನೇ. ಆ ವರ್ಷಗಳಲ್ಲಿ ಹೈಟೆಕ್ ಸಿಟಿಯ ಕಡೆ ಬಂಡೆ ಒಡೆದಲ್ಲೆಲ್ಲ ಗಾಜಿನ ಕಟ್ಟಡ ಏಳುತ್ತಿತ್ತು, ಕಟ್ಟಡ ಎದ್ದಲ್ಲೆಲ್ಲ ಕ್ಯಾಂಟೀನು ಬರುತ್ತಿತ್ತು, ಕ್ಯಾಂಟೀನು ಬಂದ ಮೇಲೆ ಯಾರದೋ ಮಗಳು ಯಾರದೋ ಮಗನ ಎದುರು ಕೂತು ಚಹಾ ಕುಡಿಯುವುದನ್ನು ತಡೆಯುವವರು ಯಾರು? ಶೈಲಶ್ರೀ ಮನೆಗೆ ಬಂದು ನೇರವಾಗಿ ಹೇಳಿಬಿಟ್ಟಿದ್ದಳು. ಹುಡುಗ ಸುರಪುರದ ಕಡೆಯವನು, ಕೃಷ್ಣಾ ದಂಡೆಯ ಅಂಬಿಗರ ಮನೆತನ. ಮೀನು ತಿನ್ನುವ ಮನೆ. ಶಿವಶರಣಪ್ಪನವರದು ಸಿಂದಗಿ ಕಡೆಯ ಲಿಂಗವಂತರ ಮನೆ, ಮೊಟ್ಟೆಯ ಹೆಸರನ್ನೂ ಮೆಲ್ಲಗೆ ಹೇಳುವಂಥ ಮನೆ. ಹೆಂಡತಿ ಗಿರಿಜಾಬಾಯಿ ಆ ರಾತ್ರಿ ಊಟ ಬಿಟ್ಟು ಮಲಗಿದ್ದರು.

"ಬ್ಯಾಡ ಅನ್ನೂದಾದ್ರ ಅವನ ಮುಖ ನೋಡಿ ಬ್ಯಾಡ ಅನ್ರಿ ಅಪ್ಪ," ಎಂದಿದ್ದಳು ಶೈಲಶ್ರೀ. "ಒಮ್ಮೆ ಭೆಟ್ಟಿ ಆಗ್ರಿ ಸಾಕು. ಆಮ್ಯಾಲೂ ಬ್ಯಾಡ ಅಂದ್ರ ನಾ ಮತ್ತ ಈ ಮಾತ ಎತ್ತಂಗಿಲ್ಲ."

ಮಗಳು ಕೊಟ್ಟ ಮಾತಿಗೆ ತಪ್ಪುವವಳಲ್ಲ. ಎತ್ತುವುದಿಲ್ಲ ಎಂದರೆ ಜೀವ ಹೋದರೂ ಎತ್ತುವುದಿಲ್ಲ, ಮನೆಯವರು ತೋರಿಸಿದವನನ್ನು ಮದುವೆಯಾಗಿ ಸುಮ್ಮನೆ ಹೊರಟುಹೋಗುತ್ತಾಳೆ. ಹಾಗಾಗಿ ಶಿವಶರಣಪ್ಪನವರಿಗೂ ಅಡ್ಡದಾರಿ ಉಳಿಯಲಿಲ್ಲ. ಹುಡುಗನನ್ನು ಮನೆಗೆ ಕರೆಸುವ ಹಾಗಿಲ್ಲ, ಓಣಿ ತುಂಬ ರೈಲ್ವೆಯವರು, ಒಬ್ಬೊಬ್ಬರಿಗೂ ಎರಡೆರಡು ಕಿಟಕಿ. ಭಾನುವಾರ ಬೆಳಿಗ್ಗೆ ಮೌನಪ್ಪ ಅಮೀನ್‌ಪುರ ಕೆರೆಯ ಹತ್ತಿರ ಇರುತ್ತಾನೆ ಎಂದು ಗೊತ್ತಾಯಿತು. ಅಲ್ಲಿಗೇ ಹೋಗಿ ಹೇಳಿ ಬರುತ್ತೇನೆ ಎಂದು ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿ, ಇಸ್ತ್ರಿಯ ಅಂಗಿ ತೊಟ್ಟು ಹೊರಟಿದ್ದರು.

ಲಿಂಗಂಪಲ್ಲಿಯಲ್ಲಿ ಇಳಿದು ಆಟೋ ಹಿಡಿದು ಕೆರೆಗೆ ಬಂದಾಗ ಬಿಸಿಲು ಇನ್ನೂ ಎಳೆಯದು. ಮಿಯಾಪುರದ ಅಪಾರ್ಟ್‌ಮೆಂಟುಗಳು ದೂರದಲ್ಲಿ ಅರ್ಧ ಕಟ್ಟಿದಂತೆ ನಿಂತಿದ್ದವು. ಪ್ಯಾಂಟು ಮಡಚಿ ಮೊಣಕಾಲು ನೀರಿನಲ್ಲಿ ನಿಂತಿದ್ದ ಹುಡುಗನೊಬ್ಬ ಕಂಡ. ಕೈಯಲ್ಲಿ ಉದ್ದನೆಯ ಕಪ್ಪು ಕಡ್ಡಿ. ಶಿವಶರಣಪ್ಪನವರು ದಂಡೆಯ ಮೇಲೆ ನಿಂತು ಕೆಮ್ಮಿದರು.

"ನೋಡಪಾ—"

ಹುಡುಗ ಹಿಂದೆ ತಿರುಗದೆ ತುಟಿಯ ಮೇಲೆ ಬೆರಳಿಟ್ಟ. "ಒಂದು ನಿಮಿಷ ಮಾತಾಡಬ್ಯಾಡ್ರಿ ಸರ್. ಉಸರು ತಗೋಳಾಕ ಮ್ಯಾಲ ಬಂದೈತಿ."

ಏನು ಮೇಲೆ ಬಂದಿದೆ, ಯಾವುದಕ್ಕೆ ಉಸಿರು ಬೇಕಾಗಿದೆ ಎಂದು ಕೇಳುವುದಕ್ಕೂ ಬಾಯಿ ತೆರೆಯುವ ಹಾಗಿರಲಿಲ್ಲ. ಇಡೀ ಜೀವಮಾನದಲ್ಲಿ ಇಂಥ ಸಣ್ಣ ಹುಡುಗನೊಬ್ಬ ಅವರನ್ನು ಸುಮ್ಮನಿರಿಸಿದ್ದು ಇದೇ ಮೊದಲು. ಆದರೂ ಅವರು ಸುಮ್ಮನಾದರು, ಯಾಕೋ ಕುಕ್ಕರಗಾಲಿನಲ್ಲಿ ಕೂತೇಬಿಟ್ಟರು. ಹುಡುಗ ಕಡ್ಡಿ ಬೀಸಿದ. ಒಂದು ಹಸಿರು ಕಪ್ಪೆ ಗಾಳಿಯಲ್ಲಿ ಹಾರಿ ಹೋಗಿ ತಾವರೆ ಎಲೆಗಳ ನಡುವೆ ಬಿದ್ದಿತು. ಹುಡುಗ ದಾರ ಸುತ್ತಿದಂತೆ ಅದು ಎಲೆಯಿಂದ ಎಲೆಗೆ ಕುಪ್ಪಳಿಸಿತು, ನಿಂತಿತು, ಮತ್ತೆ ಕುಪ್ಪಳಿಸಿತು. ಇದ್ದಕ್ಕಿದ್ದ ಹಾಗೆ ನೀರು ಒಡೆದು ಒಂದು ಕಪ್ಪು ಬಾಯಿ ಮೇಲೆ ಬಂದು ಕಪ್ಪೆಯನ್ನು ಬಡಿದು ಒಳಗೆ ಹೋಯಿತು. ಕಪ್ಪೆ ಅಲ್ಲೇ ತೇಲುತ್ತಿತ್ತು.

"ತಪ್ಪಿತಲ್ಲೋ!" ಎಂದು ಕೂಗಿದವರು ಶಿವಶರಣಪ್ಪನವರೇ.

ಕೂಗಿದ ಮೇಲೆ ಅವರಿಗೇ ನಾಚಿಕೆಯಾಯಿತು. ಮೌನಪ್ಪ ನಗುತ್ತ ಮೇಲೆ ಬಂದು ಕೈ ಒರೆಸಿಕೊಂಡು ಬಗ್ಗಿ ಅವರ ಕಾಲು ಮುಟ್ಟಿದ. ಇವರು ಬರುವುದನ್ನು ಶೈಲಶ್ರೀ ಅವನಿಗೆ ಮೊದಲೇ ಹೇಳಿದ್ದಿರಬೇಕು. ಅಗಲ ಮುಖದ, ಸ್ವಲ್ಪ ಮುಂದಲೆ ಕೂದಲು ಉದುರಿದ, ಮುಚ್ಚುಮರೆಯಿಲ್ಲದ ಕಣ್ಣಿನ ಹುಡುಗ. ಶಿವಶರಣಪ್ಪನವರು ಮಾತನ್ನು ಮತ್ತೆ ಹೊಂದಿಸಿಕೊಳ್ಳುವಷ್ಟರಲ್ಲಿ ದಾರದ ತುದಿಯ ಕಪ್ಪೆ ಕಣ್ಣಿಗೆ ಬಿತ್ತು.

"ಥೂ! ಜೀವಂತ ಕಪ್ಪಿ ಕಟ್ಟೀಯೇನೋ?"

"ಇಲ್ರಿ ಸರ್, ರಬ್ಬರ್. ಹಿಡಿದು ನೋಡ್ರಿ."

ಹಿಡಿದು ನೋಡಿದರು. ಹೊಟ್ಟೆ ಒತ್ತಿದರೆ ಒಳಗೆ ಹೋಗುತ್ತಿತ್ತು, ಬಿಟ್ಟರೆ ಮೊದಲಿನಂತಾಗುತ್ತಿತ್ತು. ಬೆನ್ನಿಗೆ ಅಂಟಿಕೊಂಡಂತೆ ಎರಡು ಕೊಕ್ಕೆ. ಹುಳವಿಲ್ಲ, ಮಾಂಸವಿಲ್ಲ, ನಾತವಿಲ್ಲ.

"ಸಸ್ಯಾಹಾರಿ ಕಪ್ಪಿ," ಎಂದರು ತಮಗೆ ತಾವೇ, ಮೌನಪ್ಪ ಜೋರಾಗಿ ನಕ್ಕ.

ಹಿಡಿದ ಮೀನನ್ನು ಏನು ಮಾಡುತ್ತೀ ಎಂದು ಕೇಳಿದರೆ ಬಿಟ್ಟುಬಿಡುತ್ತೇನೆ ಎಂದ. ಇದನ್ನು ಕಲಿತದ್ದೆಲ್ಲಿ ಎಂದರೆ ಅಮೆರಿಕದಲ್ಲಿ ಎಂದ. ಶಿವಶರಣಪ್ಪನವರಿಗೆ ಇದು ತಲೆಗೆ ಹೋಗಲಿಲ್ಲ. ಕೃಷ್ಣೆಯ ದಂಡೆಯ ಅಂಬಿಗರ ಹುಡುಗ ಗಾಳ ಕಲಿಯಲು ಸಮುದ್ರ ದಾಟಬೇಕೇ?

"ನಮ್ಮಜ್ಜ ಹೊಳ್ಯಾಗ ಬಲಿ ಬೀಸತಿದ್ದರಿ," ಎಂದ ಮೌನಪ್ಪ. "ನಮ್ಮಪ್ಪ ಸಾಲಿ ಮಾಸ್ತರ ಆದ ಮ್ಯಾಲ ಬಲಿ ಅಟ್ಟಕ್ಕ ಹಾಕಿಬಿಟ್ಟ. ಹೊಳಿ ಕಡೆ ಹೋದ್ರ ಕಾಲ ಮುರೀತೀನಿ, ಓದು ಅಂದ. ನಾ ಓದಿ ಓದಿ ಕಂಪನಿ ಸೇರಿ ಅಮೆರಿಕಾಕ್ಕ ಹ್ವಾದೆ. ಅಲ್ಲಿ ಆಫೀಸಿನ ಗೋರಾ ಒಬ್ಬ, ನೀವು ನದಿ ಮಂದಿ ಅಂತೀಯಲ್ಲ, ಬಾ ಅಂತ ಕರಕೊಂಡು ಹೋಗಿ ಬಾಸ್ ಅನ್ನೋ ಮೀನು ಹಿಡಿಯೂದು ಕಲಿಸಿದ. ಇಲ್ಲಿ ಬಾಸ್ ಎಲ್ಲಿ ಸಿಗಬೇಕ್ರಿ? ಆದ್ರ ನಮ್ಮ ಕೊರಮೀನಿನ ಸ್ವಭಾವ ಥೇಟ್ ಹಂಗ ಐತಿ. ಕಸದಾಗ ಅಡಗಿ ಕುಂದರತೈತಿ, ಕಪ್ಪಿ ಕಂಡ್ರ ಸಿಟ್ಟಿಗೇಳತೈತಿ. ಉಸರಿಗೆ ನೀರ ಮ್ಯಾಲ ಬರೂದು ಮಾತ್ರ ಇದರದ ಗುಣ."

ಮಾತಿನ ನಡುವೆ ಯಾವಾಗ ಕಡ್ಡಿ ತಮ್ಮ ಕೈಗೆ ಬಂತೋ ಶಿವಶರಣಪ್ಪನವರಿಗೆ ತಿಳಿಯಲಿಲ್ಲ. ಬಿಳಿ ಅಂಗಿಯ ತೋಳು ಮಡಚಿಕೊಂಡದ್ದು ಮಾತ್ರ ನೆನಪಿದೆ. ಬೆರಳಿನಿಂದ ದಾರ ಒತ್ತಿ ಹಿಡಿಯಿರಿ, ಕಡ್ಡಿ ಮುಂದೆ ಬಂದಾಗ ಬಿಡಿ ಎಂದ ಮೌನಪ್ಪ. ಅವರು ಕಡ್ಡಿ ಹಿಂದೆ ಹೋದಾಗಲೇ ಬಿಟ್ಟರು. ಕಪ್ಪೆ ಬೆನ್ನ ಹಿಂದಿನ ಜಾಲಿಗಿಡದ ನೆತ್ತಿಗೆ ಹೋಗಿ ಕೂತಿತು. ಮೌನಪ್ಪ ಒಂದೂ ಮಾತಾಡದೆ ಮುಳ್ಳಿನ ಗಿಡ ಹತ್ತಿದ. ಇಳಿದು ಬಂದಾಗ ಮೊಣಕೈಯಲ್ಲಿ ರಕ್ತ, ಮುಖದಲ್ಲಿ ನಗು. ತಮ್ಮ ಸಲುವಾಗಿ ಮೈ ಪರಚಿಕೊಂಡ ಹುಡುಗನಿಗೆ ಅದೇ ಗಳಿಗೆಯಲ್ಲಿ ಮಗಳನ್ನು ಕೊಡುವುದಿಲ್ಲ ಎನ್ನುವುದು ಹೇಗೆ? ಮುಂದಿನ ವಾರ ಹೇಳಿದರಾಯಿತು ಎಂದುಕೊಂಡು ಶಿವಶರಣಪ್ಪನವರು ಇನ್ನೊಂದು ಸಲ ಬೀಸಿದರು.

ಮನೆಗೆ ಬಂದಾಗ ಗಿರಿಜಾಬಾಯಿ ಬಾಗಿಲಲ್ಲೇ ನಿಂತಿದ್ದರು.

"ಹೇಳಿದ್ರೇನು?"

"ಮಾತು ಶುರು ಆಗೇತಿ," ಎಂದರು ಶಿವಶರಣಪ್ಪನವರು. "ಇಂಥಾವು ಒಮ್ಮಿಗೇ ಮುಗಿಯೂವಲ್ಲ."

ಎರಡನೆಯ ಭಾನುವಾರವೂ ಮುಗಿಯಲಿಲ್ಲ. ಅಂದು ಮೋಡವಿತ್ತು, ಮೋಡವಿದ್ದರೆ ಮೀನು ಚುರುಕು ಎಂದು ಮೌನಪ್ಪ ಹೇಳಿದ್ದ. ಮೂರನೆಯ ಭಾನುವಾರ ಕಪ್ಪೆ ಮೊದಲ ಸಲ ನೇರವಾಗಿ ಮುಂದಕ್ಕೆ ಹೋಗಿ ನೀರಿಗೇ ಬಿದ್ದಿತು. ಆ ಸಂತೋಷದಲ್ಲಿ ಅಂಥ ಕಹಿ ಮಾತು ಎತ್ತುವವರು ಯಾರು? ಕೆರೆ ಕಾಯುವ ಮೀನುಗಾರರ ಸಂಘದವನೊಬ್ಬ ದಂಡೆಯಲ್ಲಿ ಹಾದು ಹೋಗುತ್ತ, ಹಣೆಯ ವಿಭೂತಿಯನ್ನೂ ಕೈಯ ಗಾಳವನ್ನೂ ಒಂದಾದ ಮೇಲೊಂದು ನೋಡಿ, "ಏಂ ಸಾರೂ, ಚೇಪ ಪಡಿಂದಾ?" ಎಂದು ತೆಲುಗಿನಲ್ಲಿ ಕೇಳಿದ, ಮೀನು ಬಿತ್ತೇ ಎಂದು. "ಇಂಕಾ ಲೇದಯ್ಯಾ," ಇನ್ನೂ ಇಲ್ಲ ಎಂದು ಇವರು ಪಳಗಿದ ಬೇಟೆಗಾರನ ಗತ್ತಿನಲ್ಲಿ ಉತ್ತರ ಕೊಟ್ಟರು. ಸಿಕ್ಕಿದ್ದು ಆ ತನಕ ಒಂದು ಹಳೆಯ ಚಪ್ಪಲಿ, ಅಷ್ಟೇ.

ನಿವೃತ್ತಿಯಾದ ಮೇಲೆ ಇಷ್ಟು ಹುರುಪು ಅವರ ಮೈಗೆ ಬಂದದ್ದು ಇದೇ ಮೊದಲು. ಮನೆಯಲ್ಲಿ ಕೂತು ಕೂತು, ಹಾದುಹೋಗುವ ಗಾಡಿಯ ಸದ್ದು ಕೇಳಿ ಯಾವುದು ಎಷ್ಟು ಲೇಟು ಎಂದು ಹೆಂಡತಿಗೆ ಹೇಳುವುದೇ ಕೆಲಸವಾಗಿತ್ತು. ಈಗ ಮೌನಪ್ಪ ಅಭ್ಯಾಸಕ್ಕೆಂದು ಕೊಟ್ಟ ಹಳೆಯ ಕಡ್ಡಿ ಮಾಳಿಗೆಯ ಮೇಲೆ ನೀರಿನ ಟ್ಯಾಂಕಿನ ಹಿಂದೆ ಅಡಗಿಕೊಂಡಿತ್ತು. ಕೊಕ್ಕೆಯ ಬದಲು ಒಂದು ನಟ್ಟು ಕಟ್ಟಿ, ಪ್ಲಾಸ್ಟಿಕ್ ಬುಟ್ಟಿಯನ್ನು ದೂರ ಇಟ್ಟು, ಅದರೊಳಗೆ ಬೀಳಿಸುವ ಅಭ್ಯಾಸ ನಡೆದಿತ್ತು. ಒಂದು ದಿನ ನಟ್ಟು ಬುಟ್ಟಿಯನ್ನು ಬಿಟ್ಟು ಗಿರಿಜಾಬಾಯಿ ಹಳೆಯ ಸೀರೆಯ ಮೇಲೆ ಒಣಹಾಕಿದ್ದ ಸಂಡಿಗೆಯ ನಡುವೆ ಬಿತ್ತು. ದಾರ ಸುತ್ತಿದರೆ ನಟ್ಟು ಸೀರೆಯ ಹರುಕಿಗೆ ಸಿಕ್ಕಿ ಅರ್ಧ ಸೀರೆ, ಅದರ ಮೇಲಿನ ಸಂಡಿಗೆ ಸಮೇತ ಎದ್ದು ಬಂತು. ಗಿರಿಜಾಬಾಯಿ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು.

"ಇದೇನ್ರಿ ಇದು?"

ಶಿವಶರಣಪ್ಪನವರು ಕಡ್ಡಿಯನ್ನು ಬೆನ್ನ ಹಿಂದೆ ಹಿಡಿದರು. ಆಳಿಗಿಂತ ಉದ್ದದ ಕಡ್ಡಿ ಬೆನ್ನ ಹಿಂದೆ ಎಲ್ಲಿ ಅಡಗಬೇಕು? ಇದ್ದದ್ದನ್ನು ಹೇಳಿದರು. ರಬ್ಬರ್ ಕಪ್ಪೆ, ಹಿಡಿಯುವುದು, ನೋಡುವುದು, ಬಿಡುವುದು.

"ಬಿಡೂದಾದ್ರ ಹಿಡಿಯೂದ್ಯಾಕ?" ಎಂದು ಗಿರಿಜಾಬಾಯಿ ಕೇಳಿದರು. ಅದಕ್ಕೆ ಅಮೆರಿಕದ ಗೋರಾನ ಹತ್ತಿರವೂ ಉತ್ತರ ಇರಲಿಕ್ಕಿಲ್ಲ.

"ಕೊಳ್ಳಾಗ ಲಿಂಗ ಐತಿ, ಕೈಯಾಗ ಗಾಳ ಐತಿ," ಎಂದು ಗೊಣಗುತ್ತ ಗಿರಿಜಾಬಾಯಿ ಸಂಡಿಗೆ ಆರಿಸತೊಡಗಿದರು. ಬಗ್ಗಿದಲ್ಲೇ, ಮುಖ ತೋರಿಸದೆ, ಮತ್ತೊಂದು ಮಾತು ಕೇಳಿದರು. "ಆ ಹುಡುಗ ಅಷ್ಟ ಮುಂಜೇಲೆ ಏನ ತಿಂದು ಬರತಾನ?"

"ಬಿಸ್ಕೀಟು ತಿಂತಾನ."

ಮುಂದಿನ ಭಾನುವಾರ ಬುತ್ತಿಯಲ್ಲಿ ರೊಟ್ಟಿ ಹೆಚ್ಚಿದ್ದವು, ಶೇಂಗಾ ಚಟ್ನಿ ಬೇರೆ ಇತ್ತು. ನಿಮಗೇ ಹಸಿವಾಗತೈತಿ ಅಂತ ಇಟ್ಟೀನಿ ಎಂದರು ಗಿರಿಜಾಬಾಯಿ. ಶಿವಶರಣಪ್ಪನವರು ಏನೂ ತಿಳಿಯದವರ ಹಾಗೆ ತಲೆ ಅಲ್ಲಾಡಿಸಿದರು.

ಅದೇ ಭಾನುವಾರ ಮೀನು ಮೊದಲ ಸಲ ಅವರ ಕಪ್ಪೆಗೆ ಬಾಯಿ ಹಾಕಿತು. ಎಲೆಗಳ ನಡುವೆ ನೀರು ಉಬ್ಬಿತು, ಕರಿಯ ಬಾಯಿ ಅಗಲವಾಗಿ ತೆರೆಯಿತು, ಕಪ್ಪೆ ಅದರೊಳಗೆ ಹೋಗುವುದರಲ್ಲಿತ್ತು. "ಬಿಡ್ರಿ, ನುಂಗಲಿ, ನುಂಗಲಿ!" ಎಂದು ಮೌನಪ್ಪ ಪಿಸುಗುಟ್ಟಿದ. ಶಿವಶರಣಪ್ಪನವರು "ಅಯ್ಯಯ್ಯೋ" ಎಂದು ಕಪ್ಪೆಯನ್ನು ಝಾಡಿಸಿ ಎಳೆದುಕೊಂಡುಬಿಟ್ಟರು. ಕಪ್ಪೆ ಹಾರಿ ಬಂದು ಅವರ ಹೊಟ್ಟೆಗೇ ಬಡಿಯಿತು. ಸ್ವಲ್ಪ ಹೊತ್ತಿಗೆ ಮತ್ತೊಂದು ಮೀನು, ಮತ್ತೆ ಅಯ್ಯಯ್ಯೋ, ಮತ್ತೆ ಕಪ್ಪೆ ಹೊಟ್ಟೆಗೆ. ಕೂಸು ಬಾಯಿಗೆ ಗುಂಡುಸೂಜಿ ಇಟ್ಟುಕೊಂಡರೆ ಕಸಿದುಕೊಳ್ಳುತ್ತಾರಲ್ಲ, ಹಾಗೆ ಕಸಿಯುತ್ತಿದ್ದರು. ಮೀನು ಹಿಡಿಯಲು ಹೋದವರು ಮೀನಿನ ಬಾಯಿಯಿಂದ ಗಾಳ ಕಿತ್ತುಕೊಳ್ಳುವುದನ್ನು ಅಮೀನ್‌ಪುರ ಕೆರೆ ಅದುವರೆಗೆ ಕಂಡಿರಲಾರದು.

"ಅವಸರ ಮಾಡಿದೆ," ಎಂದರು ಶಿವಶರಣಪ್ಪನವರು, ಮುಖ ಸಣ್ಣದು ಮಾಡಿಕೊಂಡು.

"ಅವಸರ ಅಲ್ರಿ ಸರ್," ಎಂದ ಮೌನಪ್ಪ. "ಕೊಕ್ಕಿ ಚುಚ್ಚತೈತಿ ಅಂತ ನಿಮ್ಮ ಕೈ ತಾನ ಎಳೀತೈತಿ."

ಹೌದಾಗಿತ್ತು. ತಮಗೇ ತಿಳಿಯದ್ದನ್ನು ಈ ಹುಡುಗ ಹೇಗೆ ಕಂಡ ಎಂದು ಶಿವಶರಣಪ್ಪನವರಿಗೆ ಆಶ್ಚರ್ಯವಾಯಿತು. ಇಬ್ಬರೂ ದಂಡೆಯ ಮೇಲೆ ಕೂತು ರೊಟ್ಟಿ ತಿಂದರು. ಹೇಳಬೇಕಾದ ಮಾತು ಅಂದು ನಾಲಗೆಯ ಹತ್ತಿರವೂ ಬರಲಿಲ್ಲ.

ಆ ವಾರವೇ ವಿಜಾಪುರದಿಂದ ಗಿರಿಜಾಬಾಯಿಯ ತಮ್ಮ ಕಾಶಿನಾಥನ ಫೋನು ಬಂತು. ಒಳ್ಳೆಯ ಮನೆತನ, ಹುಡುಗ ಬ್ಯಾಂಕಿನಲ್ಲಿದ್ದಾನೆ, ಎಲ್ಲ ನಮ್ಮವರೇ. ಭಾನುವಾರ ಸಂಜೆ ಹೈದರಾಬಾದಿಗೆ ಹೆಣ್ಣು ನೋಡಲು ಬರುತ್ತಾರೆ, ನಾನೇ ಕರೆದುಕೊಂಡು ಬರುತ್ತೇನೆ ಎಂದ. ಬೇಡ ಎನ್ನಲು ಶಿವಶರಣಪ್ಪನವರಿಗೆ ಯಾವ ಕಾರಣವೂ ಸಿಗಲಿಲ್ಲ. ಇದ್ದ ಒಂದೇ ಕಾರಣವನ್ನು ಅವರು ಇನ್ನೂ ತಮಗೆ ತಾವೇ ಒಪ್ಪಿಕೊಂಡಿರಲಿಲ್ಲ. ಹೂಂ ಎಂದರು.

ಸಂಜೆ ಅವರು ಮಾಳಿಗೆಯ ಮೇಲೆ ಸುಮ್ಮನೆ ನಟ್ಟು ಬೀಸುತ್ತ ನಿಂತಿದ್ದಾಗ ಶೈಲಶ್ರೀ ಆಫೀಸಿನ ಬ್ಯಾಗು ಹೆಗಲಿನಲ್ಲಿ ಇರುವಂತೆಯೇ ಮೇಲೆ ಬಂದಳು.

"ಅಪ್ಪ, ನೀವು ಮೀನ ಹಿಡ್ಯಾಕ ಹೋಗ್ತೀರೋ, ನನ್ನ ಮಾತ ಮುಗಸಾಕ ಹೋಗ್ತೀರೋ?"

ಅವರು ದಾರ ಸುತ್ತಿಕೊಂಡರು.

"ವಾರಾ ವಾರಾ ನೀವು ನಕ್ಕೋತ ಬರತೀರಿ. ನಾ ಬಾಗಲದಾಗ ನಿಂತು ನಿಮ್ಮ ಮುಖ ನೋಡತೀನಿ. ಇವತ್ತ ಹೇಳಿದ್ರೋ ಏನೋ, ಇನ್ನೂ ಇಲ್ಲೋ ಏನೋ ಅಂತ ನನ್ನ ಜೀವ ಹೊಯ್ದಾಡತೈತಿ. ಅವಂಗೂ ಅಷ್ಟ. ಬ್ಯಾಡಂದ್ರ ಬ್ಯಾಡ ಅನ್ರಿ, ನಾ ತಡಕೋತೀನಿ. ಹಿಂಗ ನೇತು ಹಾಕಬ್ಯಾಡ್ರಿ." ಅವಳ ದನಿ ಒಡೆಯಿತು. ಬಿರಬಿರನೆ ಕೆಳಗೆ ಇಳಿದು ಹೋದಳು.

ಶಿವಶರಣಪ್ಪನವರು ಕಡ್ಡಿಯನ್ನು ಟ್ಯಾಂಕಿಗೆ ಒರಗಿಸಿ ಅಲ್ಲೇ ಕೂತರು. ತಮ್ಮ ಆಟದಲ್ಲಿ ತಾವು ಸುಖವಾಗಿದ್ದಾಗ ಮಗಳು ಹೀಗೆ ಬೇಯುತ್ತಿದ್ದಳೆಂಬುದು ಅವರಿಗೆ ಹೊಳೆದೇ ಇರಲಿಲ್ಲ. ತಮ್ಮ ಮೇಲೆ ತಮಗೇ ಅಸಹ್ಯವಾಯಿತು. ಬರುವ ಭಾನುವಾರ ಹೇಳಿಬಿಡುವುದು, ಕೆರೆಗೆ ಹೋದ ತಕ್ಷಣ, ಕಡ್ಡಿ ಕೈಯಲ್ಲಿ ಹಿಡಿಯುವ ಮೊದಲೇ ಹೇಳಿ ತಿರುಗಿ ಬರುವುದು ಎಂದು ಗಟ್ಟಿ ಮನಸ್ಸು ಮಾಡಿದರು. ಆ ಭಾನುವಾರ ಬುತ್ತಿಯನ್ನೂ ಬೇಡವೆಂದರು.

ಕೆರೆಯ ದಂಡೆಯಲ್ಲಿ ಮೌನಪ್ಪ ಅಂದು ನೀರಿಗೆ ಇಳಿದಿರಲಿಲ್ಲ. ಕಲ್ಲಿನ ಮೇಲೆ ಕೂತು ಕಪ್ಪೆಗಳ ಡಬ್ಬಿ ತೆರೆದಿಟ್ಟುಕೊಂಡು ಕಾಯುತ್ತಿದ್ದ. ಸಂಜೆ ಯಾರು ಬರುತ್ತಾರೆಂಬುದು ಅವನಿಗೂ ಗೊತ್ತಿತ್ತು, ಮುಖ ನೋಡಿದರೆ ತಿಳಿಯುತ್ತಿತ್ತು. ಆದರೂ ಎದ್ದು ನಿಂತು ನಕ್ಕ.

"ನೋಡಪಾ, ನಮ್ಮ ಮನಿ ಪದ್ಧತಿ—"

"ಹೇಳ್ರಿ ಸರ್, ಕೇಳತೀನಿ. ಅದಕ್ಕಿಂತ ಮದಲ ಇದೊಂದು ನೋಡ್ರಿ," ಎಂದು ಅವನು ಒಂದು ಕಪ್ಪೆಯನ್ನು ಅವರ ಅಂಗೈಯ ಮೇಲಿಟ್ಟ. "ಕೊಕ್ಕಿ ಮ್ಯಾಲ ಬೆರಳ ಆಡಸ್ರಿ."

ಶಿವಶರಣಪ್ಪನವರು ಬೆರಳಾಡಿಸಿದರು. ಕೊಕ್ಕೆಯ ಮೊನೆಯ ಹಿಂದೆ ಒಂದು ಎದುರು ಮುಳ್ಳು ಇರುತ್ತದೆ. ಮೀನಿನ ತುಟಿ ಹರಿದರೂ ಗಾಳ ಬಿಡದಂತೆ ಹಿಡಿದಿಡುವುದು ಅದೇ. ಆ ಮುಳ್ಳು ಈಗ ಇರಲಿಲ್ಲ. ಇಕ್ಕಳದಿಂದ ಒತ್ತಿ, ಅರದಿಂದ ಉಜ್ಜಿ ನುಣ್ಣಗೆ ಮಾಡಿದ್ದ. ಡಬ್ಬಿಯಲ್ಲಿದ್ದ ಉಳಿದ ಕಪ್ಪೆಗಳನ್ನೂ ಮುಟ್ಟಿ ನೋಡಿದರು. ಎಲ್ಲವೂ ನುಣ್ಣಗಿದ್ದವು, ಅಮೆರಿಕದಿಂದ ತಂದವು ಕೂಡ.

"ಇದ್ಯಾಕ ಮಾಡಿದಿ?"

"ನಿಮ್ಮ ಕೈ ತಡೀವಲ್ದಲ್ರೀ. ಈಗ ಸೂಜಿ ಚುಚ್ಚಿದಷ್ಟ. ಹಿಡಿದ ಮ್ಯಾಲ ಸಲೀಸ ಬಿಡತೈತಿ, ಬಾಯಿ ಹರಿಯಂಗಿಲ್ಲ."

"ಮೀನ ತಪ್ಪಿಸಿಕೊಂಡ್ರ?"

"ತಪ್ಪಿಸಿಕೊಳ್ಳಲಿ ಬಿಡ್ರಿ," ಎಂದು ಮೌನಪ್ಪ ತನ್ನ ಕಡ್ಡಿ ಎತ್ತಿಕೊಂಡ. "ಅದರದೂ ಜೀವ ಐತಿ."

ಒಂದೇ ಒಂದು ಸಲ ಬೀಸ್ರಿ ಸರ್, ಆಮ್ಯಾಲ ಹೇಳ್ರಿ ಎಂದ ಹುಡುಗ. ಶಿವಶರಣಪ್ಪನವರು ಕಡ್ಡಿ ಹಿಡಿಯದೆ ದಂಡೆಯ ಮೇಲೆ ನಿಂತರು. ಮೌನಪ್ಪನೇ ಬೀಸಿದ. ಆಗ ಬಂದ ಮೀನು ಅಷ್ಟಿಷ್ಟು ದೊಡ್ಡದಲ್ಲ. ಕೆರೆಯ ಆ ಮೂಲೆಯಲ್ಲಿ ಒಂದು ಮುದಿ ಕೊರಮೀನಿದೆ, ವರ್ಷದಿಂದ ನನ್ನನ್ನು ಆಟ ಆಡಿಸುತ್ತಿದೆ ಎಂದು ಮೌನಪ್ಪ ಎಷ್ಟೋ ಸಲ ಹೇಳಿದ್ದ. ಅದೇ ಬಂತು. ಕಡ್ಡಿ ಬಿಲ್ಲಾಗಿ ಬಾಗಿತು, ರೀಲು ಚೀರಿತು, ನೀರಿನ ಮೇಲೆ ತೊಡೆಯಷ್ಟು ದಪ್ಪದ ಮೈ ಹೊರಳಿತು. ಶಿವಶರಣಪ್ಪನವರು ಚಪ್ಪಲಿ ಸಮೇತ ನೀರಿಗೆ ಧುಮುಕಿ "ಬಿಡಬ್ಯಾಡೋ, ಬಿಡಬ್ಯಾಡ!" ಎಂದು ಕುಣಿದಾಡಿದರು. ಮೀನು ದಂಡೆಯ ಹತ್ತಿರ ಬಂತು, ಅದರ ಕಣ್ಣು ಕಂಡಿತು. ತಲೆಯನ್ನು ಒಮ್ಮೆ ಕೊಡವಿತು. ಮುಳ್ಳಿಲ್ಲದ ಕೊಕ್ಕೆ ಬಿಚ್ಚಿಕೊಂಡಿತು, ಮೀನು ಹೊರಟುಹೋಯಿತು.

ಕೆರೆ ಮತ್ತೆ ಸುಮ್ಮನಾಯಿತು. ಆ ಮುಳ್ಳಿದ್ದಿದ್ದರೆ ಮೀನು ಹೋಗುತ್ತಿರಲಿಲ್ಲ, ಮುಳ್ಳು ತೆಗೆದದ್ದು ತಮಗಾಗಿ. ಅವರು ಮೌನಪ್ಪನ ಮುಖ ನೋಡಲು ಹೆದರಿದರು. ಮೌನಪ್ಪ ಸೊಂಟದ ಮೇಲೆ ಕೈಯಿಟ್ಟು ನೀರನ್ನೇ ನೋಡುತ್ತಿದ್ದವನು ಗಹಗಹಿಸಿ ನಕ್ಕ.

"ನೋಡಿದ್ರೀ ಸರ್? ಏನ ಮೀನ್ರಿ ಅದು! ನೀವೂ ನೋಡಿದ್ರಲ್ಲ, ಸಾಕು. ಇಲ್ಲಾಂದ್ರ ಯಾರೂ ನಂಬತಿರಲಿಲ್ಲ."

ಆ ನಗುವಿನಲ್ಲಿ ಒಂದಿಷ್ಟೂ ಕಹಿಯಿರಲಿಲ್ಲ. ಇಷ್ಟು ದಿನದ ಆಸೆ ಕಣ್ಣೆದುರೇ ಕೈಬಿಟ್ಟು ಹೋದಾಗ ಹೀಗೆ ನಗುವವನ ಕೈಯಲ್ಲಿ ಮಗಳು ಸುಖವಾಗಿರುತ್ತಾಳೆ ಎಂದು ಶಿವಶರಣಪ್ಪನವರಿಗೆ ಅನ್ನಿಸಿತು. ಅನ್ನಿಸಿದ್ದು ಎಷ್ಟು ಸ್ಪಷ್ಟವಾಗಿತ್ತೆಂದರೆ ಅವರು ಕಡ್ಡಿ ಕೊಡು ಎಂದು ಕೈ ಚಾಚಿದರು.

ಬಹಳ ಹೊತ್ತು ಏನೂ ಬರಲಿಲ್ಲ. ಬಿಸಿಲು ಏರಿತು. ಆಮೇಲೆ ಜೊಂಡು ಹುಲ್ಲಿನ ಅಂಚಿನಲ್ಲಿ ನೀರು ಉಬ್ಬಿತು, ಬಾಯಿ ತೆರೆಯಿತು, ಕಪ್ಪೆ ಒಳಗೆ ಹೋಯಿತು. ಶಿವಶರಣಪ್ಪನವರ ಕೈ ಮಿಡುಕಿತು, ಆದರೆ ತಡೆಯಿತು. ಕಪ್ಪೆ ಪೂರ್ತಿ ಮಾಯವಾಗಿ ದಾರ ಸರಿಯತೊಡಗಿದ ಮೇಲೆ ಅವರು ಎಳೆದರು. ಕೈಗೆ ಭಾರ ಸಿಕ್ಕಿತು. ಜೀವವಿರುವ ಭಾರ, ಎಳೆಯುತ್ತ, ತಿರುಗುತ್ತ, ಒದೆಯುತ್ತ ಇರುವ ಭಾರ. "ಬಂತು! ಬಂತೋ! ಮೌನಪ್ಪಾ!" ಎಂದು ಕೂಗುತ್ತ ಅವರು ಹಿಂದೆ ಹಿಂದೆ ನಡೆದು ದಂಡೆಗೆ ಎಡವಿ ಕೂತರು. ಕೂತಲ್ಲೇ ರೀಲು ಸುತ್ತಿದರು. ಮೊಳಕ್ಕಿಂತ ತುಸು ಗಿಡ್ಡ ಮೀನು, ಕಪ್ಪು ಹಸಿರು, ಪಕ್ಕೆಯಲ್ಲಿ ಪಟ್ಟೆ.

ಮೌನಪ್ಪ ಅದನ್ನು ಎತ್ತಿ ಕೊಕ್ಕೆ ಬಿಡಿಸಿದ. ಕೊಕ್ಕೆ ಬೆಣ್ಣೆಯಿಂದ ಕೂದಲು ತೆಗೆದಂತೆ ಬಂತು. ಹುಟ್ಟಿದಂದಿನಿಂದ ಮೀನು ಮುಟ್ಟದ ಮನುಷ್ಯ ಎರಡೂ ಕೈ ಚಾಚಿದರು. ತಣ್ಣಗೆ, ನುಣ್ಣಗೆ, ಗಟ್ಟಿಯಾಗಿ ಅದು ಅವರ ಕೈಯಲ್ಲಿ ಮಿಡಿಯಿತು. ಎಷ್ಟು ಚಂದ ಇದ್ದೀಯೋ ಎಂದು ಬಾಯಿಬಿಟ್ಟು ಹೇಳಿದರು. ನೀರಿಗೆ ಇಳಿಸಿದಾಗ ಒಂದು ಕ್ಷಣ ಅಂಗೈಯಲ್ಲೇ ನಿಂತು, ಬಾಲ ಬೀಸಿ ಹೋಯಿತು.

ಇಬ್ಬರೂ ಬಹಳ ಹೊತ್ತು ನಕ್ಕರು. ನಗು ಇಳಿದ ಮೇಲೆ ಮೌನಪ್ಪ ಮುಖ ಗಂಭೀರ ಮಾಡಿಕೊಂಡ.

"ಸರ್, ಈಗ ಹೇಳ್ರಿ. ಮದಲನೇ ದಿನ ನೀವು ಏನ ಹೇಳಾಕ ಬಂದಿದ್ರಿ ಅಂತ ನನಗ ಗೊತ್ತೈತಿ."

"ನೀ ಮೀನ ತಿಂತಿ?" ಎಂದು ಕೇಳಿದರು ಶಿವಶರಣಪ್ಪನವರು.

ಮೌನಪ್ಪ ತಡವರಿಸಿದ. "ಸುಳ್ಳ ಹೇಳಂಗಿಲ್ರಿ. ಇಲ್ಲಿ ಹಿಡಿದದ್ದ ಬಿಡತೀನಿ. ಊರಿಗೆ ಹೋದಾಗ ಅವ್ವ ಮಾಡಿದ್ದ ತಿಂತೀನಿ. ಶೈಲಶ್ರೀ ಬ್ಯಾಡಂತಾಳಂತ ಬಿಡತೀನಿ ಅಂದ್ರ ಬಿಡಬಹುದು, ಆದ್ರ ಅವ್ವನ ಮುಂದ ಕುಂತು ಒಲ್ಲೆ ಅನ್ನಾಕ ನನಗ ಆಗಂಗಿಲ್ಲ."

ಬೇರೆ ಯಾವ ಹುಡುಗನಾದರೂ ಆ ಗಳಿಗೆಯಲ್ಲಿ ಸುಳ್ಳು ಹೇಳುತ್ತಿದ್ದ. ಶಿವಶರಣಪ್ಪನವರಿಗೆ ಅದು ಚೆನ್ನಾಗಿ ಗೊತ್ತಿತ್ತು.

"ಅವ್ವ ಮಾಡಿದ್ದ ಅಲ್ಲಿ ತಿನ್ನು," ಎಂದರು. "ನಮ್ಮ ಮನ್ಯಾಗ ಮಾಡಿದ್ದ ಇಲ್ಲಿ ತಿನ್ನು. ನನ್ನ ಕೈ ಹಸಿ ಅದಾವ, ಮನಿಗೆ ಫೋನ್ ಹಚ್ಚು."

ಮೌನಪ್ಪ ತನ್ನ ಮೊಬೈಲಿನಿಂದ ಹಚ್ಚಿ ಅವರ ಕಿವಿಗೆ ಹಿಡಿದ. ಎತ್ತಿದವಳು ಶೈಲಶ್ರೀ. ಅವಳು ಫೋನಿನ ಪಕ್ಕದಲ್ಲೇ ಕೂತಿದ್ದಿರಬೇಕು.

"ಹೇಳಿದ್ರೀ ಅಪ್ಪ?" ಎಂದಳು. ದನಿ ಬಹಳ ಸಣ್ಣದಾಗಿತ್ತು.

"ನಿಮ್ಮ ಕಾಶಿನಾಥ ಮಾಮಾನ ಮೊಬೈಲಿಗೆ ಫೋನ್ ಮಾಡವಾ. ದಾರ್ಯಾಗಿದ್ರೂ ಆ ಜನಾನ ಮನಿಗೆ ಕರಕೊಂಡು ಬರಬ್ಯಾಡ ಅನ್ನು. ತಪ್ಪು ನಂದು, ಕಾಲ ಬೀಳತೀನಿ ಅನ್ನು. ನಿಮ್ಮವ್ವಗ ಹೇಳು, ಮಧ್ಯಾಹ್ನ ಊಟಕ್ಕ ಮೌನಪ್ಪನ ಕರಕೊಂಡ ಬರಾಕತ್ತೀನಿ ಅಂತ."

"ಅಪ್ಪಾ, ಖರೇನ?" ಎಂದಿತು ಅಳುವೋ ನಗುವೋ ತಿಳಿಯದ ಒಂದು ದನಿ. ಚಿಕ್ಕವಳಿದ್ದಾಗ ಡ್ಯೂಟಿ ಮುಗಿಸಿ ಬಂದ ಅಪ್ಪನನ್ನು ಕಂಡು ಓಡಿ ಬರುತ್ತಿದ್ದವಳ ದನಿ ಅದು. ಶಿವಶರಣಪ್ಪನವರು ಹೌದು ಎನ್ನಲು ಬಾಯಿ ತೆರೆದರು. ಇಷ್ಟು ಭಾನುವಾರ ಒಂದು ಬೇಡವನ್ನು ಹೊತ್ತು ತಿರುಗಿದ ಬಾಯಿಗೆ ಒಂದು ಹೌದು ಬರಲಿಲ್ಲ. ಅವರು ಮೌನಪ್ಪನ ಕೈಯನ್ನು ಹಿಡಿದು, ಫೋನನ್ನು ಅವನ ಕಿವಿಗೇ ತಿರುಗಿಸಿದರು.

ಮೌನಪ್ಪ ಕೇಳಿಸಿಕೊಳ್ಳುತ್ತ ಕೇಳಿಸಿಕೊಳ್ಳುತ್ತ ಕೆಸರು ಎಂಬುದನ್ನೂ ನೋಡದೆ ಅಲ್ಲೇ ಕೂತುಬಿಟ್ಟ. ಶಿವಶರಣಪ್ಪನವರು ಮುಖ ತೊಳೆಯುವವರಂತೆ ಕೆರೆಗೆ ಬಗ್ಗಿ, ಬೊಗಸೆ ಬೊಗಸೆ ನೀರು ಕಣ್ಣಿಗೆ ಹಾಕಿಕೊಂಡರು.